ಅಡಿಕೆಯ ಪರ ಸಾಕ್ಷಿ ಪ್ರನಾಳದಲ್ಲಿಲ್ಲ

ದಾವಣಗೆರೆ ಜಿಲ್ಲೆಯ ಚನ್ನಗಿರಿ ಸೀಮೆಯಲ್ಲಿ ಅಡಿಕೆ ತಲೆಮಾರುಗಳಿಂದ ಬಂದ ಬದುಕು. ಹೊನ್ನಾಳಿ, ನ್ಯಾಮತಿಗಳಲ್ಲಿ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲಗಳೂ ತೋಟವಾಗುತ್ತಿವೆ. ಬರದ ನಾಡು ಜಗಳೂರಿನಲ್ಲೂ ಕೊಳವೆಬಾವಿ ನಂಬಿ ಸಸಿ ನೆಟ್ಟವರಿದ್ದಾರೆ. ಅಡಿಕೆ ಕ್ಯಾನ್ಸರ್‌ಕಾರಕ ಎಂಬ ಸುದ್ದಿ ಬಂದಾಗಲೆಲ್ಲ ಇಲ್ಲಿನವರ ಎದೆ ಧಸಕ್ಕೆನ್ನುವುದು ಸಹಜ. ಅಡಿಕೆಯೇ ಕ್ಯಾನ್ಸರ್ ತಡೆಯುತ್ತದೆ ಎಂಬ ಮರುಮಾತು ಹುಟ್ಟುವುದೂ ಅಷ್ಟೇ ಸಹಜ. ಆ ಮರುಮಾತಿಗೆ ಆಧಾರವಾಗಿ ತೋರಿಸಬಹುದಾದ ಸಂಶೋಧನೆ ನಿಜಕ್ಕೂ ಒಂದಿದೆ, ಅದು ಉತ್ತಮ ಸಂಶೋಧನೆಯೂ ಹೌದು. ಆದರೂ ಬೆಳೆಗಾರರು ಅದನ್ನು ತಮ್ಮ ಪರ ಸಾಕ್ಷಿಯಾಗಿ ಮುಂದಿಡಬಾರದು.

ನಮ್ಮ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳೊಳಗೆ ಎಸಿಎಟಿ-1 ಎಂಬ ಕಿಣ್ವವಿದೆ; ಆ ಸಂಶೋಧನೆ ನಡೆದದ್ದು ಇದರ ಮೇಲೆ. ಇದರ ವಂಶವಾಹಿ ಇರುವುದು ಕೋಶಕೇಂದ್ರದ 11ನೇ ವರ್ಣತಂತುವಿನಲ್ಲಿ. 427 ಅಮೈನೊ ಆಮ್ಲಗಳ ಸರಪಳಿಯಾಗಿ ಹೊರಗೆ ತಯಾರಾಗುವ ಈ ಪ್ರೋಟೀನ್ ಮೈಟೊಕಾಂಡ್ರಿಯವನ್ನು ಹೊಕ್ಕಾಗ, ದಾರಿ ತೋರಿಸಿದ ಮೊದಲ 33 ಕತ್ತರಿಸಿಹೋಗಿ 394 ಉಳಿಯುತ್ತವೆ. ಅಂಥ ನಾಲ್ಕು ಸರಪಳಿಗಳು ಸೇರಿದರೆ ಪೂರ್ಣರೂಪದ ಕಿಣ್ವ. ಇದನ್ನು ಅಧ್ಯಯನ ಮಾಡಲು ಮನುಷ್ಯನ ಅಂಗಾಂಶ ಬೇಕಿಲ್ಲ. ಆ ವಂಶವಾಹಿಯನ್ನು ಇ. ಕೋಲಿ ಬ್ಯಾಕ್ಟೀರಿಯಾಗೆ ಸೇರಿಸಿದರೆ ಅದು ಮಾನವ ಪ್ರೋಟೀನನ್ನೇ ತಯಾರಿಸಿಕೊಡುತ್ತದೆ. ಶುದ್ಧೀಕರಿಸಿ, ಯಾವ ರಾಸಾಯನಿಕ ಅದಕ್ಕೆ ಅಂಟುತ್ತದೆ, ಯಾವುದು ಅದರ ಕೆಲಸ ನಿಲ್ಲಿಸುತ್ತದೆ ಎಂದು ಪರೀಕ್ಷಿಸಬಹುದು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ತಂಡವೊಂದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಈ ನಾಲ್ಕರ ಜೋಡಣೆ ಮುಖ್ಯವೆಂದು ಕಂಡುಬಂತು. ಆ ಜೋಡಣೆಯನ್ನು ಕೆಡಿಸುವ ವಸ್ತುವಾಗಿ ಸಿಕ್ಕಿದ್ದು ಅರೆಕೋಲಿನ್ ಹೈಡ್ರೊಬ್ರೊಮೈಡ್. ಅರೆಕೋಲಿನ್ ಅಡಿಕೆಯ ಮುಖ್ಯ ಆಲ್ಕಲಾಯ್ಡ್. ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆಯೂ ಕುಗ್ಗಿತು.

ಇಷ್ಟು ಓದಿದ ಬೆಳೆಗಾರನಿಗೆ ಹಿಗ್ಗಾಗದೆ ಇರದು. ಆದರೆ ಆ ಪ್ರಯೋಗ ಕೇಳಿದ ಪ್ರಶ್ನೆ ತೀರಾ ಕಿರಿದು: ಗೊತ್ತಾದ ಪ್ರಮಾಣದ ಒಂದೇ ಶುದ್ಧ ರಾಸಾಯನಿಕ, ಗೊತ್ತಾದ ಒಂದು ಪ್ರೋಟೀನಿಗೆ, ಅದರ ಮೂಲಕ ಗೆಡ್ಡೆಗೆ ಏನು ಮಾಡುತ್ತದೆ? ಬಾಯಲ್ಲಿ ನಡೆಯುವುದೇ ಬೇರೆ. ಅಲ್ಲಿ ಅಡಿಕೆಯ ಇತರ ಆಲ್ಕಲಾಯ್ಡ್‌ಗಳಿವೆ, ಟ್ಯಾನಿನ್‌ಗಳಿವೆ, ಸುಣ್ಣವಿದೆ, ಅಗಿಯುವಾಗ ರೂಪುಗೊಳ್ಳುವ ನೈಟ್ರೊಸಮೈನ್‌ಗಳಿವೆ, ವರ್ಷಗಟ್ಟಲೆ ಬಿಡದೆ ನಡೆಯುವ ಉಜ್ಜಾಟವಿದೆ. ಬಾಯಿ ತೆರೆಯಲಾಗದಂತೆ ಕೆನ್ನೆಯ ಒಳಪದರವನ್ನು ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ಅಡಿಕೆ ಅಗಿಯುವುದೇ ಮುಖ್ಯ ಕಾರಣ. ತಪ್ಪೆಲ್ಲ ಗುಟ್ಕಾದ ತಂಬಾಕಿನದು, ಅಡಿಕೆಯದಲ್ಲ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ತಂಬಾಕು ಸೇರಿದರೆ ಅಪಾಯ ಹೆಚ್ಚುವುದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ತಂಬಾಕಿಲ್ಲದ ಎಲೆಯಡಿಕೆಯನ್ನೂ, ಬರೀ ಅಡಿಕೆಯನ್ನೂ ಮೊದಲ ಗುಂಪಿಗೇ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವವುಗಳ ಗುಂಪಿಗೇ ಸೇರಿಸಿತು. ಅದಕ್ಕೆ ಆಧಾರ ಒಂದು ಪ್ರೋಟೀನಿನ ವರ್ತನೆಯಲ್ಲ, ಮನುಷ್ಯರ ಮೇಲಿನ ಅಧ್ಯಯನಗಳು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗಾದರೆ ಪ್ರಯೋಗಾಲಯದ ಪ್ರೋಟೀನಿನಿಂದ ಪ್ರಯೋಜನವೇನು ಎನ್ನುವವರಿಗೂ ಉತ್ತರ ಹೇಳಬೇಕು. ಪ್ರಯೋಜನ ದೊಡ್ಡದೇ. ಅರೆಕೋಲಿನ್‌ನಿಂದ ಔಷಧಿಯ ಸುಳಿವು ಸಿಗಬಹುದು. ಹಾಗೆ ಸಿಕ್ಕರೂ ಅದು ಮಾತ್ರೆಯ ಕಥೆ, ತಾಂಬೂಲದ ಕಥೆಯಲ್ಲ. ಈ ವ್ಯತ್ಯಾಸ ಮರೆಸುವವರು ರೈತನ ಹಿತೈಷಿಗಳಲ್ಲ. ರೈತನ ಮಗನೂ ಅಡಿಕೆ ಅಗಿಯುತ್ತಾನೆ.

ನಮಗೆ ಬೇಕಿರುವುದು ನಮ್ಮ ಜನರ ಮೇಲಿನ, ನಮ್ಮ ಅಡಿಕೆಯ ಕುರಿತ ಅಧ್ಯಯನ. ಬೇಯಿಸಿ, ಚೊಗರು ಹಾಕಿ ಒಣಗಿಸುವ ಚನ್ನಗಿರಿಯ ಕೆಂಪಡಿಕೆಗೂ ಕರಾವಳಿಯ ಚಾಲಿ ಅಡಿಕೆಗೂ ಅರೆಕೋಲಿನ್ ಪ್ರಮಾಣದಲ್ಲಿ, ಬಾಯಿಗೆ ಆಗುವ ಹಾನಿಯಲ್ಲಿ ವ್ಯತ್ಯಾಸವೆಷ್ಟು ಎಂಬುದನ್ನು ಅಳೆದು ಹೇಳಬೇಕು. ದಾವಣಗೆರೆಯಲ್ಲಿ ವೈದ್ಯಕೀಯ, ದಂತ ವೈದ್ಯಕೀಯ ಕಾಲೇಜುಗಳಿವೆ, 2009ರಿಂದ ವಿಶ್ವವಿದ್ಯಾಲಯವೂ ಇದೆ. ಬೆಳೆಗಾರರ ಹಣದಿಂದ ನಡೆದ ಅಧ್ಯಯನವನ್ನು ಯಾರು ನಂಬುತ್ತಾರೆ ಎಂಬ ಆಕ್ಷೇಪಕ್ಕೆ ಪರಿಹಾರ ಷರತ್ತಿನಲ್ಲಿದೆ. ತುಮ್‌ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘಗಳು ಹಣ ಕೊಡಲಿ, ವಿಧಾನವನ್ನು ವಿಜ್ಞಾನಿಗಳೇ ಮೊದಲು ಬಹಿರಂಗಪಡಿಸಲಿ, ಫಲಿತಾಂಶ ಯಾರ ವಿರುದ್ಧ ಬಂದರೂ ಅದು ಪ್ರಕಟವಾಗಲಿ.