ಗಳಿಗೆ ನೋಡಿ ಹೆರಿಗೆ

ಹುಟ್ಟುವ ಗಳಿಗೆ ಯಾರ ಕೈಯಲ್ಲೂ ಇಲ್ಲ ಎಂಬ ನಂಬಿಕೆಯ ಮೇಲೆಯೇ ಜಾತಕ ನಿಂತಿದೆ. ಕೈಯಲ್ಲಿಲ್ಲದ್ದರಿಂದಲೇ ಅದಕ್ಕಷ್ಟು ತೂಕ. ಸಿಸೇರಿಯನ್ ಬಂದು ಈ ನಂಬಿಕೆಯ ಬುಡ ಅಲುಗಾಡಿದೆ. ಆದರೂ ಜ್ಯೋತಿಷಿಗಳಾಗಲಿ, ಮಗುವಿನ ಅಪ್ಪ ಅಮ್ಮಂದಿರಾಗಲಿ ಇದಕ್ಕೆ ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ. ಹೇಗೂ ಆಪರೇಷನ್ ಆಗಲೇಬೇಕು ಅಂತಾದರೆ ಪಂಚಾಂಗ ನೋಡಿಸಿ, ನಕ್ಷತ್ರ, ಲಗ್ನ, ಗಂಟೆ ಬರೆಸಿದ ಚೀಟಿಯನ್ನು ಸ್ಕ್ಯಾನಿಂಗ್ ರಿಪೋರ್ಟಿನ ಜೊತೆಗೇ ಡಾಕ್ಟರ ಮೇಜಿನ ಮೇಲಿಡುತ್ತಾರೆ. "ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುತ್ತೆ ಮೇಡಂ, ಅಷ್ಟರೊಳಗೆ ಆಗಿಬಿಟ್ಟರೆ ಒಳ್ಳೇದು."

ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ದಶೆಗಳ ಲೆಕ್ಕ ಇನ್ನೂ ಮಜವಾಗಿದೆ. ವಿಂಶೋತ್ತರಿ ಪದ್ಧತಿಯಲ್ಲಿ ಮನುಷ್ಯನ ಆಯಸ್ಸು 120 ವರ್ಷ. ಹುಟ್ಟುವಾಗ ಚಂದ್ರ ನಕ್ಷತ್ರದಲ್ಲಿ ಎಷ್ಟು ದೂರ ಸಾಗಿದ್ದಾನೆ ಎಂಬುದರ ಮೇಲೆ ಮೊದಲ ದಶೆಯಲ್ಲಿ ಉಳಿದ ವರ್ಷಗಳು ನಿಶ್ಚಯವಾಗುತ್ತವೆ. ಪುಷ್ಯದಲ್ಲಿ ಹುಟ್ಟಿದರೆ ಶನಿದಶೆ, ಅದು ಒಟ್ಟು 19 ವರ್ಷ. ಹೆರಿಗೆಯನ್ನು ಆರು ಗಂಟೆ ಮುಂದೆ ಹಾಕಿದರೆ ಚಂದ್ರ ಹೆಚ್ಚುಕಡಿಮೆ ಒಂದು ಪಾದ ದಾಟಿರುತ್ತಾನೆ, ಮಗುವಿನ ಪಾಲಿನ ಶನಿಕಾಟದಲ್ಲಿ ಐದು ವರ್ಷಗಳಷ್ಟು ಕಡಿತ! ಅರಿವಳಿಕೆ ಡಾಕ್ಟರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಜಾತಕ ಬೇರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2015-16ರಲ್ಲಿ ಶೇ. 17.2 ಇದ್ದದ್ದು 2019-21ರ ಹೊತ್ತಿಗೆ ಶೇ. 21.5 ಆಯಿತು. ಇದನ್ನು ಮುಹೂರ್ತದ ತಲೆಗೆ ಕಟ್ಟುವಂತಿಲ್ಲ, ವೈದ್ಯಕೀಯ ಕಾರಣಗಳಿವೆ, ಆಸ್ಪತ್ರೆಗಳ ವ್ಯವಹಾರವೂ ಇದೆ. ನನಗೆ ಕುತೂಹಲವಿರುವುದು ಚೀಟಿ ತಂದವರ ತರ್ಕದ ಬಗ್ಗೆ. ವಿಧಿ ತಪ್ಪಿಸಲಾಗದ್ದು ಎಂದು ನಿಜವಾಗಿ ನಂಬಿದವನಿಗೆ ಮುಹೂರ್ತದ ಗೊಡವೆ ಯಾಕೆ? ಗಳಿಗೆ ಆರಿಸುವವನು, ತಾನು ಆರಿಸಬಲ್ಲೆ, ಆರಿಸಿದರೆ ಮುಂದಿನದು ಬದಲಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡಿರುತ್ತಾನೆ. "ಚೀಟಿ ತರಬೇಕೆಂದೂ ಬರೆದಿತ್ತು" ಎನ್ನುವವರಿದ್ದಾರೆ. ಈ ವಾದವನ್ನು ಸೋಲಿಸಲಾಗದು, ಅದರಿಂದ ಯಾವ ಕೆಲಸವೂ ಆಗದು.

ಹಾಗೆಂದು ಇದನ್ನು ಬೂಟಾಟಿಕೆ ಅನ್ನಲಾರೆ. ನಾಳೆಯ ಕಡೆ ಮುಖ ಮಾಡಿದಾಗ ಎಲ್ಲರೂ ಪ್ರಯತ್ನವಾದಿಗಳೇ, ನಿನ್ನೆಯ ಕಡೆ ತಿರುಗಿದಾಗ ವಿಧಿವಾದಿಗಳು. ಯೋಗವಾಸಿಷ್ಠದ ಮುಮುಕ್ಷು ಪ್ರಕರಣದಲ್ಲಿ ವಸಿಷ್ಠರು ರಾಮನಿಗೆ ದೈವವೆಂಬುದು ಬೇರೆ ಇಲ್ಲ, ಹಿಂದೆ ನಾವೇ ಮಾಡಿದ ಪ್ರಯತ್ನದ ಫಲವೇ ಅದು ಎಂದು ಬಿಡಿಸಿ ಹೇಳುತ್ತಾರೆ. ಅಮೆರಿಕದ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗ ಈ ಹಿಂದುಮುಂದನ್ನು ಸೆಕೆಂಡಿನ ಭಾಗಕ್ಕೆ ಇಳಿಸಿತು: ಕೈ ಆಡಿಸಬೇಕೆಂಬ ಇಚ್ಛೆ ನಮ್ಮ ಅರಿವಿಗೆ ಬರುವ ಮೂರನೇ ಒಂದು ಸೆಕೆಂಡು ಮೊದಲೇ ಮಿದುಳು ಸಿದ್ಧತೆ ಶುರು ಮಾಡಿರುತ್ತದೆ. ಸಿದ್ಧತೆಯಂತೆ ಕಂಡದ್ದು ಮಿದುಳಿನ ಸಹಜ ಏರಿಳಿತವಿರಬಹುದೆಂದು 2012ರಲ್ಲಿ ಬೇರೆ ಸಂಶೋಧಕರು ತಕರಾರು ತೆಗೆದರು. ಅದೇನೇ ಇರಲಿ, ಮಣಿಕಟ್ಟು ಆಡಿಸುವುದಕ್ಕೂ ಮಗಳ ಓದಿಗೆ ಜಮೀನು ಮಾರುವುದಕ್ಕೂ ಅಜಗಜಾಂತರ. ಎರಡನೆಯದರಲ್ಲಿ ರಾತ್ರಿಗಟ್ಟಲೆ ನಿದ್ದೆ ಕೆಡುತ್ತದೆ, ಮನೆಯಲ್ಲಿ ಜಗಳವಾಗುತ್ತದೆ, ಮನಸ್ಸು ಬದಲಾಗುತ್ತದೆ.

ಕೈಮೀರಿದ ಸಾವುನೋವಿನಲ್ಲಿ "ಹಣೆಬರಹ" ಎಂದುಕೊಂಡು ಸಮಾಧಾನಪಟ್ಟರೆ ನನ್ನ ಆಕ್ಷೇಪವಿಲ್ಲ. ತಕರಾರು ಇರುವುದು ಆ ಮಾತು ಬೇರೆಯವರ ಬದುಕಿನ ಷರಾ ಆದಾಗ. ಕೋಲಾರದ ಕಡೆ ರೈತ ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತ ಕಡೆ ಕೊಳವೆಬಾವಿಗೆ ಪಾಯಿಂಟ್ ಹಾಕಿಸಿ, ಸಾವಿರ ಅಡಿ ದಾಟಿದರೂ ಬರೀ ಧೂಳು ಬಂದಾಗ, ಲಾರಿ ಪಕ್ಕ ನಿಂತವರು ಹೇಳುವುದು ಇದೇ ಮಾತು. ಕೆರೆಗಳ ಹೂಳು ತೆಗೆಸದೆ ಬಿಟ್ಟವರಿದ್ದಾರೆ, ರಾಜಕಾಲುವೆ ಒತ್ತಿದವರಿದ್ದಾರೆ, ಪಕ್ಕದ ಹೊಲದಲ್ಲಿ ಇನ್ನೂರಡಿ ಹೆಚ್ಚು ಕೊರೆಸಿದವನಿದ್ದಾನೆ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಊರಿಗೆಲ್ಲ ನೀಲಗಿರಿ ಹಬ್ಬಿಸಿ, 2017ರಲ್ಲಿ ಹೊಸದಾಗಿ ನೆಡಬಾರದೆಂದ ಸರ್ಕಾರವೂ ಇದೆ. ಇವರೆಲ್ಲ ಬೇರೆ ಬೇರೆ ದಿನ, ತಮ್ಮ ತಮ್ಮ ಇಷ್ಟದಂತೆ ಮಾಡಿದ ತೀರ್ಮಾನಗಳು ಸೇರಿ ಆ ಒಣ ಕೊಳವೆಬಾವಿಯಾಗಿದೆ. ಅದಕ್ಕೆ ವಿಧಿ ಎಂದು ಹೆಸರಿಟ್ಟೊಡನೆ ಅಷ್ಟೂ ಜನ ಬಚಾವು. ಸಾಲದ ನೋಟಿಸು ಮಾತ್ರ ರೈತನೊಬ್ಬನ ಹೆಸರಿಗೇ ಬರುತ್ತದೆ.