ಮೊದಲು ರೋಗನಿರ್ಣಯ, ಅನಂತರ ಚಿಕಿತ್ಸೆ: ಅಜ್ಜನ ರೇಡಿಯೋ ಕುರಿತು

ಸರಟೋಗಾ ಮತ್ತು ಸುತ್ತಲಿನ ಊರುಗಳ ನಮ್ಮ ಸದಸ್ಯರ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ವಾಲ್ವ್ ರೇಡಿಯೋ ಇನ್ನೂ ಉಳಿದಿದೆ. ಊರಿನಿಂದ ಸೀರೆ, ಪಂಚೆಗಳಲ್ಲಿ ಸುತ್ತಿ ತಂದ ಈ ಪೆಟ್ಟಿಗೆಗಳಲ್ಲಿ ಕೆಲವು ಮೂಕವಾಗಿವೆ, ಕೆಲವು ಗುಂಯ್ ಎಂದು ಮೊರೆಯುತ್ತವೆ. ಇವನ್ನು ಎಸೆಯುವುದೂ ಬೇಡ, ಕೈಗೆ ಸಿಕ್ಕಿದ ಬಿಡಿಭಾಗವನ್ನು ಬದಲಿಸಿ ಅದೃಷ್ಟ ನೋಡುವುದೂ ಬೇಡ. ಕ್ರಮವರಿತು ಪರೀಕ್ಷಿಸಿ ದುರಸ್ತಿ ಮಾಡಬೇಕು. ಆ ಕ್ರಮವನ್ನು ನಮ್ಮ ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯಬೇಕು ಎಂಬುದು ನಮ್ಮ ಅಭಿಪ್ರಾಯ.

ಈ ವಿದ್ಯೆಗೆ ನಮ್ಮ ನೆರೆಯೇ ತವರು. ಪಾಲೋ ಆಲ್ಟೋದಲ್ಲಿ ಎಮರ್ಸನ್ ಬೀದಿಯೂ ಚಾನಿಂಗ್ ಅವೆನ್ಯೂವೂ ಕೂಡುವಲ್ಲಿದ್ದ ಫೆಡರಲ್ ಟೆಲಿಗ್ರಾಫ್ ಕಂಪನಿಯ ಪ್ರಯೋಗಾಲಯದಲ್ಲಿ, ಲೀ ಡಿ ಫಾರೆಸ್ಟ್ ಮತ್ತು ಅವರ ಇಬ್ಬರು ಸಹಾಯಕರು 1911–13ರ ಅವಧಿಯಲ್ಲಿ ವಾಲ್ವಿನ ಆಂಪ್ಲಿಫೈಯರನ್ನು ರೂಪಿಸಿದರು. ಅತ್ತ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಎರಡೂ ನಾಡುಗಳ ನೆನಪು ಈ ಗಾಜಿನ ಬುರುಡೆಗಳಲ್ಲಿದೆ.

ವೈದ್ಯರಾಗಿ ನಾವು ಮೊದಲು ಹೇಳಬೇಕಾದುದು ಪ್ರಾಣದ ಮಾತು. ಊರಿನ ರೇಡಿಯೋ 230 ವೋಲ್ಟಿನದು, ಇಲ್ಲಿನ ಗೋಡೆಯ ವಿದ್ಯುತ್ತು 120 ವೋಲ್ಟ್. ಪೇಟೆಯಲ್ಲಿ ಸಿಗುವ ಅನೇಕ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರುಗಳು ವೋಲ್ಟೇಜನ್ನು ಏರಿಸುತ್ತವೆಯೇ ಹೊರತು ರೇಡಿಯೋವನ್ನು ಗೋಡೆಯ ತಂತಿಯಿಂದ ಬೇರ್ಪಡಿಸುವುದಿಲ್ಲ. ವಾಲ್ವಿನ ಹೆಸರು ಯುಸಿಎಲ್ 82 ಎಂಬಂತೆ ‘ಯು’ ಅಕ್ಷರದಿಂದ ಆರಂಭವಾದರೆ, ಒಳಗಿನ ಲೋಹದ ಚಾಸಿಸ್ ನೇರವಾಗಿ ಗೋಡೆಯ ವಿದ್ಯುತ್ತಿಗೇ ಸೇರಿರುವ ಸಂಭವ ಹೆಚ್ಚು. ಅಂಥದಕ್ಕೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೈ ಹಾಕಕೂಡದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯುವ ವಿದ್ಯುತ್ತು ಎದೆಯನ್ನು ಹಾದುಹೋಗುತ್ತದೆ. ಹೃದಯದ ಲಯ ಕೆಡಲು ಆಂಪಿಯರಿನ ಹತ್ತನೆಯ ಒಂದು ಭಾಗವೇ ಸಾಕು. ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಅಳೆಯಬೇಕೆಂಬ ರಿಪೇರಿಯವರ ಹಳೆಯ ನಿಯಮವನ್ನು ಶರೀರಶಾಸ್ತ್ರವೂ ಒಪ್ಪುತ್ತದೆ.

ಎಂ.ಬಿ.ಬಿ.ಎಸ್. ತರಗತಿಗಳಲ್ಲಿ ನಮಗೆ ಕಲಿಸಿದ ಕ್ರಮವಿದು: ರೋಗಿಯ ಕಥೆ ಕೇಳು, ನೋಡು, ಮುಟ್ಟು, ತಟ್ಟು, ಆಲಿಸು, ಉಳಿದ ಪರೀಕ್ಷೆಗಳು ಅನಂತರ. ಮುಟ್ಟುವುದೊಂದನ್ನು ಬಿಟ್ಟರೆ ರೇಡಿಯೋಗೂ ಇದೇ ಕ್ರಮ. ಒಮ್ಮೆಲೇ ನಿಂತಿತೋ, ದನಿ ಕ್ಷೀಣಿಸುತ್ತ ಹೋಯಿತೋ? ಸುಟ್ಟ ವಾಸನೆ ಇದೆಯೋ? ದಶಕಗಳಿಂದ ಸುಮ್ಮನಿದ್ದ ಪೆಟ್ಟಿಗೆಯಾದರೆ, ವಿದ್ಯುತ್ತು ಕೊಡುವ ಮುನ್ನ ಬಲ್ಲವರು ಕೆಪಾಸಿಟರುಗಳನ್ನು ಪರೀಕ್ಷಿಸಬೇಕು. ಆಮೇಲೆ ಮೊರೆತ ಕೇಳಿಸಿದರೆ ವಾಲ್ಯೂಮ್ ಗುಂಡಿಯನ್ನು ಪೂರ್ತಿ ಇಳಿಸಿ ನೋಡಿ. ಮೊರೆತ ನಿಂತರೆ ದೋಷ ಗುಂಡಿಗಿಂತ ಹಿಂದಿನ ಹಂತಗಳಲ್ಲಿದೆ. ನಿಲ್ಲದಿದ್ದರೆ ಮುಂದಿನ ಆಂಪ್ಲಿಫೈಯರಿನಲ್ಲಿ ಅಥವಾ ವಿದ್ಯುತ್ ಪೂರೈಕೆಯಲ್ಲಿ. ಹಾಗೆ ನಿಲ್ಲದ ಮೊರೆತಕ್ಕೆ ಒಣಗಿದ ಫಿಲ್ಟರ್ ಕೆಪಾಸಿಟರೇ ಸಾಮಾನ್ಯ ಕಾರಣ. ಒಂದು ಗುಂಡಿ ತಿರುಗಿಸಿದ್ದಕ್ಕೆ ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯಿತು.

ಲಕ್ಷಣವನ್ನೇ ರೋಗವೆಂದು ಭಾವಿಸುವುದು ದೊಡ್ಡ ಅಪಾಯ. ದನಿ ಒಡೆಯುತ್ತಿದೆ, ಕೊನೆಯ ವಾಲ್ವ್ ಕೆಂಪಗೆ ಕಾಯುತ್ತಿದೆ ಎಂದರೆ ಹೊಸ ವಾಲ್ವ್ ತರಿಸುವ ಆತುರ ಸಹಜ. ಆದರೆ ಅನೇಕ ವೇಳೆ ತಪ್ಪು ವಾಲ್ವಿನದಲ್ಲ. ಅದರ ಹಿಂದಿರುವ ಸಣ್ಣ ಕಪ್ಲಿಂಗ್ ಕೆಪಾಸಿಟರ್ ಸೋರಿ, ತಡೆಯಬೇಕಾದ ನೇರ ವಿದ್ಯುತ್ತನ್ನು ವಾಲ್ವಿನ ಗ್ರಿಡ್ಡಿಗೆ ಬಿಡುತ್ತಿರುತ್ತದೆ. ಸೊನ್ನೆಯ ಆಸುಪಾಸಿನಲ್ಲಿರಬೇಕಾದ ಗ್ರಿಡ್ಡಿನಲ್ಲಿ ಮೀಟರ್ ಧನ ವೋಲ್ಟೇಜ್ ತೋರಿಸಿದರೆ ಮೊದಲ ಶಂಕೆ ಅದರ ಮೇಲೆಯೇ. ಅದನ್ನು ಬದಲಿಸದೆ ಹಾಕಿದ ಹೊಸ ವಾಲ್ವೂ ಹಾಳಾಗುತ್ತದೆ. ಜ್ವರಕ್ಕೆ ಮಾತ್ರೆ ಕೊಟ್ಟು ಸೋಂಕನ್ನು ಬಿಟ್ಟಂತೆ!

ಇಷ್ಟೆಲ್ಲ ಶ್ರಮವೇಕೆ ಎಂದು ಕೇಳುವವರಿದ್ದಾರೆ. ದುರಸ್ತಿಯಾದ ಮೇಲೂ ಅದರಲ್ಲಿ ಬೆಂಗಳೂರು ಕೇಂದ್ರ ಕೇಳಿಸದು. ಸ್ಯಾನ್ ಹೊಸೆಯಲ್ಲಿ 1909ರಲ್ಲಿ ಚಾರ್ಲ್ಸ್ ಹೆರಾಲ್ಡ್ ಆರಂಭಿಸಿದ ಪ್ರಸಾರದಿಂದ ಬೆಳೆದುಬಂದ ಕೆಸಿಬಿಎಸ್ ಕೇಳಿಸೀತು. ಕನ್ನಡ ಹಾಡಿಗೆ ಫೋನೇ ಸಾಕು ಎಂಬುದೂ ನಿಜ. ಆದರೆ ಫೋನು ಕೆಟ್ಟರೆ ಮಕ್ಕಳು ಅದನ್ನು ಬದಲಿಸುವುದನ್ನು ಮಾತ್ರ ನೋಡಿದ್ದಾರೆ. ವಾಲ್ವ್ ರೇಡಿಯೋದಲ್ಲಿ ಪ್ರತಿಯೊಂದು ಹಂತವೂ ಕಣ್ಣಿಗೆ ಕಾಣುತ್ತದೆ, ಮೀಟರಿಗೆ ಸಿಗುತ್ತದೆ; ಊಹೆ ಸರಿಯೋ ತಪ್ಪೋ ಎಂಬುದು ಕೂಡಲೇ ತಿಳಿಯುತ್ತದೆ. ಕಾರಣವನ್ನು ಹುಡುಕುವ ತಾಳ್ಮೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಕಲಿಸಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಊರಿನ ಕಾರ್ಖಾನೆಗಳಲ್ಲಿಯೂ ಈ ಕಣಿವೆಯಲ್ಲಿಯೂ ದುಡಿದು ನಿವೃತ್ತರಾದ ಹಿರಿಯರು ಅವರು. ಅವರ ಕಣ್ಣು, ಕೈ, ನೆನಪು ಗಟ್ಟಿಯಾಗಿರುವಾಗಲೇ ಸಂಘವು ವರ್ಷಕ್ಕೊಂದು ದಿನವನ್ನು ಈ ಕೆಲಸಕ್ಕೆ ಮೀಸಲಿಡಬೇಕೆಂದು ನಮ್ಮ ವಿನಂತಿ. ಅಲ್ಲಿಯವರೆಗೆ ಸದಸ್ಯ ಬಂಧುಗಳು ರೇಡಿಯೋವನ್ನು ಪ್ಲಗ್ಗಿಗೆ ಸೇರಿಸದಿರಲಿ. ಅದನ್ನು ಕೊಂಡವರು ಯಾರು, ಯಾವ ಊರಿನಲ್ಲಿ, ಕೊನೆಯದಾಗಿ ನುಡಿದದ್ದು ಯಾವಾಗ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಮಕ್ಕಳ ಕೈಯಲ್ಲಿ ಬರೆಸಿಡಲಿ. ರೋಗನಿರ್ಣಯ ಅಲ್ಲಿಂದಲೇ ಆರಂಭವಾಗುತ್ತದೆ.