ಪಾಲಾರಿನಲ್ಲೊಂದು ಕಡಲು

ನಮ್ಮ ಪಾಲಾರಿನಿಂದ ಕಡಲು ಬಹುದೂರ. ಮೂಡಲಿಗೆ ಹೊರಟರೂ ಪಡುವಲಿಗೆ ಹೊರಟರೂ 200 ಕಿಲೋಮೀಟರಿಗೆ ಕಡಿಮೆಯಿಲ್ಲದ ಹಾದಿ. ಮಹದೇಶ್ವರ ಬೆಟ್ಟದಿಂದಿಳಿದು ಮೆಟ್ಟೂರಿನತ್ತ ಸಾಗುವ ರಸ್ತೆಯ ಬದಿಯ ಈ ಗಡಿಯೂರಿನಲ್ಲಿ ಕನ್ನಡವೂ ತಮಿಳೂ ಒಂದೇ ಜಗಲಿಯಲ್ಲಿ ಕುಳಿತು ಮಾತನಾಡುತ್ತವೆ. ಇಲ್ಲಿ ನೀರೆಂದರೆ ಕಾವೇರಿ. ಮೀನೆಂದರೆ ಹರಿಗೋಲಿನವರು ಬಲೆ ಬೀಸಿ ತಂದದ್ದು. ಹೀಗಿರುವಲ್ಲಿ ನನ್ನ ಸೋದರಳಿಯನು ನಡುಮನೆಯಲ್ಲಿ ಕಡಲೊಂದನ್ನು ಕಟ್ಟುವೆನೆಂದು ಹೊರಟಾಗ ನಾನು ನಕ್ಕುಬಿಟ್ಟೆ. ಆ ನಗೆಗಾಗಿ ಈಗ ತುಸು ನಾಚುತ್ತೇನೆ. ಆದರೆ ಅಂದು ಹುಟ್ಟಿದ ಶಂಕೆಯನ್ನು ಮಾತ್ರ ಇಂದಿಗೂ ಬಿಟ್ಟಿಲ್ಲ.

ಕೊಳ್ಳೇಗಾಲದಿಂದ ರಜೆಗೆಂದು ಊರಿಗೆ ಹೋದಾಗ ತೊಟ್ಟಿ ಸಿದ್ಧವಾಗಿತ್ತು. 200 ಲೀಟರು ನೀರು ಹಿಡಿಯುವ ಗಾಜಿನ ಪೆಟ್ಟಿಗೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆಯಂತೆ. ಆ ಲೆಕ್ಕದಲ್ಲಿ 7 ಕಿಲೋ ಉಪ್ಪು ಬೇಕಾಯಿತು. ಅದು ಅಡುಗೆಯ ಉಪ್ಪಲ್ಲ. ಸುಣ್ಣದ ಅಂಶ, ಮೆಗ್ನೀಸಿಯಂ ಮೊದಲಾದವನ್ನು ಕಡಲಿನಲ್ಲಿರುವ ಪ್ರಮಾಣದಲ್ಲೇ ಬೆರೆಸಿದ ಮಿಶ್ರಣ. ಕೊಳವೆಬಾವಿಯ ನೀರೂ ನೇರವಾಗಿ ಸಲ್ಲದು. ಅದನ್ನು ಸೋಸಿ, ಅದರಲ್ಲಿ ಕರಗಿರುವುದನ್ನೆಲ್ಲ ತೆಗೆದ ಮೇಲೆಯೇ ಈ ಉಪ್ಪನ್ನು ಕೂಡಿಸಬೇಕು. ನಮ್ಮೂರ ಮಗ್ಗುಲಲ್ಲಿ ಹರಿಯುವ ಕಾವೇರಿ ಕಡಲಾಗಲು ಇಡೀ ತಮಿಳುನಾಡನ್ನು ದಾಟಬೇಕು. ನಮ್ಮ ಹುಡುಗನಿಗೆ ಒಂದು ಹಗಲು ಸಾಕಾಯಿತು.

ಆದರೆ ಉಪ್ಪಾದ ಮಾತ್ರಕ್ಕೆ ನೀರು ಕಡಲಾಗುವುದಿಲ್ಲ. ಅಂಗಡಿಯವನ ಮಾತು ನಂಬಿ ಅಳಿಯನು ಮೂರನೆಯ ದಿನವೇ ಎರಡು ಮೀನುಗಳನ್ನು ಬಿಟ್ಟನು. ಕಿತ್ತಳೆಯ ಮೈಗೆ ಬಿಳಿಯ ಪಟ್ಟಿ ಸುತ್ತಿದ ಕ್ಲೌನ್ ಮೀನುಗಳು; ಕನ್ನಡದಲ್ಲಿ ಕೋಡಂಗಿ ಮೀನು ಎನ್ನಬಹುದೇನೋ. ವಾರ ತುಂಬುವುದರೊಳಗೆ ಎರಡೂ ಸತ್ತವು. ಮೀನಿನ ಮಲದಿಂದಲೂ ಉಸಿರಿನಿಂದಲೂ ನೀರಿಗೆ ಅಮೋನಿಯ ಸೇರುತ್ತದೆ, ಅದು ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟಾಗಿ ಕೆಡುಕು ಮಾಡದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕಣ್ಣಿಗೆ ಕಾಣದ ಒಕ್ಕಲು ಕಲ್ಲು ಮರಳುಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಬೇಸಾಯಗಾರನ ಮೊಮ್ಮಗನಾಗಿಯೂ ನಮ್ಮ ಹುಡುಗ ನೆಲ ಹದವಾಗುವ ಮುನ್ನವೇ ಬಿತ್ತಿದ್ದನು.

ಎರಡನೆಯ ಬಾರಿ ಅವನು ಕಾದನು. ಆರು ವಾರ ಬರಿಯ ನೀರು, ಬರಿಯ ಕಲ್ಲು, ದೀಪ, ಪಂಪಿನ ಸದ್ದು. ಮನೆಗೆ ಬಂದವರೆಲ್ಲ “ಮೀನೆಲ್ಲಿ?” ಎಂದು ಕೇಳಿದರು. ಅವನು ದಿನವೂ ನೀರನ್ನು ಪರೀಕ್ಷಿಸಿ ಅಂಕಿ ಬರೆದಿಟ್ಟನು. ಕರೆಂಟು ಹೋದಾಗಲೂ ಗಾಳಿಯಾಡಲೆಂದು ಬ್ಯಾಟರಿಯ ಪಂಪೊಂದನ್ನು ತಂದನು. ನನ್ನ ನಗೆ ನಿಂತದ್ದು ಆಗ. ಒಂದು ಜೀವವನ್ನು ಮನೆಗೆ ಕರೆಯುವ ಮೊದಲು ಅದಕ್ಕಾಗಿ ಆರು ವಾರ ಕಾಯಬಲ್ಲ ತರುಣನನ್ನು ಯಾವ ಅಧ್ಯಾಪಕನೂ ಹಗುರವಾಗಿ ಕಾಣಲಾರ.

ಇನ್ನು ನನ್ನ ಶಂಕೆಯ ಮಾತು. ಮೀನಿನ ಜತೆಗೆ ಜೀವಂತ ಹವಳವೂ ಬೇಕೆಂಬ ಆಸೆ ಅವನಿಗೆ. ನಾವು ಸರದಲ್ಲಿ ಪೋಣಿಸುವ ಕೆಂಪು ಹವಳ ಬೇರೆ. ಅದು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ್ದು. ಇವನು ಬಯಸಿದ್ದು ದಿಬ್ಬ ಕಟ್ಟುವ ಹವಳ. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಸುಣ್ಣದ ಗೂಡು ಕಟ್ಟಿಕೊಂಡು ಬಾಳುವ ಕೂಡುಕುಟುಂಬ. ಅವುಗಳ ಮೈಯೊಳಗಿನ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ಮಾಡಿ ಮನೆಯೊಡೆಯನಿಗೂ ಉಣಿಸುತ್ತದೆ. ನೀರಿನ ಬಿಸಿ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಈ ನಂಟು ಹರಿದು ಹವಳ ಬೆಳ್ಳಗಾಗುತ್ತದೆ. 1998ರಲ್ಲಿ ಲಕ್ಷದ್ವೀಪದ ದಿಬ್ಬಗಳಿಗೆ ಈ ಗತಿಯೊದಗಿತು. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವುಂಟು. ಇವುಗಳಲ್ಲಿ ಗುಂಡುಕಲ್ಲಿನಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರು ಬೆಳೆದರೆ ಹೆಚ್ಚು. ಉಳಿಯ ಒಂದು ಪೆಟ್ಟಿಗೆ ಸಿಡಿದುಬರುವ ತುಂಡು ಹಲವು ವರ್ಷಗಳ ದುಡಿಮೆ.

ಇಂಥ ಹವಳಗಳನ್ನು 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ, ಆನೆ ಹುಲಿಗಳ ಸಾಲಿಗೆ, ಸೇರಿಸಲಾಯಿತು. ಆದರೂ ಅಂಗಡಿಯವನು, “ತರಿಸಿಕೊಡುತ್ತೇನೆ, ಪಾಲಾರಿಗೆ ಬಂದು ನೋಡುವವರು ಯಾರು?” ಎಂದನಂತೆ. ನಮ್ಮೂರ ತನಿಖಾ ಠಾಣೆಯಲ್ಲಿ ವಾಹನಗಳನ್ನು ನಿಲ್ಲಿಸಿ ನೋಡುವುದುಂಟು. ಕಾಡಿನಿಂದ ಮರ ಹೋದೀತೆಂದು ಕಾಯುವ ಕಣ್ಣು, ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಕಡಲಿನ ಕಾಡು ಬರುವುದನ್ನು ಹೇಗೆ ಗುರುತಿಸೀತು?

“ಒಂದು ತುಂಡಿನಿಂದ ಏನಾದೀತು, ಮಾವ?” ಎಂದನು ಅಳಿಯ. ಇದು ಹಳೆಯ ಪ್ರಶ್ನೆ. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದು ಮನೆಮನೆಯಲ್ಲೂ ಗಾಜಿನ ಕಡಲಿನ ಹುಚ್ಚು ಹಬ್ಬಿಸಿದನು. ಅವನು ದೈವಭಕ್ತ, ಸೃಷ್ಟಿಯ ಚೆಲುವನ್ನು ಜನರಿಗೆ ತೋರಿಸಬೇಕೆಂಬುದೇ ಅವನ ಹಂಬಲ. ಜನ ಬುಟ್ಟಿ ಹಿಡಿದು ದಂಡೆಗೆ ಇಳಿದರು. ಪ್ರತಿಯೊಬ್ಬನೂ ಕೊಂಡೊಯ್ದದ್ದು ಒಂದೆರಡು ಜೀವ ಮಾತ್ರ. ಬಂಡೆಗಳ ನಡುವಣ ಆ ಕೊಳಗಳು ಬರಿದಾದ ಕಥೆಯನ್ನು ಮಗ ಎಡ್ಮಂಡ್ ಗಾಸ್ 1907ರಲ್ಲಿ ನೋವಿನಿಂದ ಬರೆದನು. ಮುಂದೆ ಫಿಲಿಪೀನ್ಸಿನಲ್ಲಿ ಈ ವ್ಯಾಪಾರಕ್ಕಾಗಿಯೇ ದಿಬ್ಬದ ಮೇಲೆ ಸಯನೈಡ್ ಚಿಮ್ಮಿಸಿ ಮತಿಗೆಟ್ಟ ಮೀನುಗಳನ್ನು ಹಿಡಿಯತೊಡಗಿದರು. ಮೀನು ಮಾರಾಟವಾಯಿತು, ಹವಳ ಸತ್ತಿತು.

ಹಾಗಾದರೆ ತೊಟ್ಟಿಯನ್ನು ಒಡೆದುಹಾಕಬೇಕೇ? ಬೇಡವೆಂಬುದು ನನ್ನ ಅಭಿಪ್ರಾಯ. ಕಂಡರಿಯದ್ದನ್ನು ಪ್ರೀತಿಸುವುದು ಕಷ್ಟ. ನಮ್ಮ ದೇಶದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಢಿಸಿದ್ದಾರೆ. ಹಾಗೆ ಹುಟ್ಟಿದ ಮೀನನ್ನು ಸಾಕುವುದರಿಂದ ಯಾವ ದಿಬ್ಬಕ್ಕೂ ಕುಂದಿಲ್ಲ. ಕಲ್ಲೂ ಅಷ್ಟೆ, ಸುಟ್ಟ ಮಣ್ಣಿನ ರಂಧ್ರಮಯ ಕಲ್ಲು ಸಾಕು, ಸೂಕ್ಷ್ಮಜೀವಿಗಳು ಅದರ ಕುಲವನ್ನು ವಿಚಾರಿಸುವುದಿಲ್ಲ. “ಇದು ಎಲ್ಲಿ ಹುಟ್ಟಿತು?” ಎಂಬ ಪ್ರಶ್ನೆಗೆ ಉತ್ತರವಿಲ್ಲದ ಜೀವವನ್ನು ಕೊಳ್ಳದಿರುವುದು, ಇದೊಂದೇ ನನ್ನ ನಿಯಮ.

ಅಳಿಯನು ಎರಡು ದಿನ ಮುನಿದು, ಮೂರನೆಯ ದಿನ ಒಪ್ಪಿದನು. ಈಗ ಅವನ ತೊಟ್ಟಿಯಲ್ಲಿ ಹವಳವಿಲ್ಲ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಎರಡು ಮೀನುಗಳಿವೆ. ಈ ಜಾತಿಯಲ್ಲಿ ಎಲ್ಲವೂ ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ಬಲವಾದದ್ದು ಹೆಣ್ಣಾಗುತ್ತದೆ. ಮೊಟ್ಟೆ ಕಾಯುವ ಕೆಲಸ ಗಂಡಿನದು. ಇದನ್ನು ಕೇಳಿ ನನ್ನ ಅಕ್ಕನಿಗಾದ ಸಂತೋಷ ಅಷ್ಟಿಷ್ಟಲ್ಲ.

ಹೋದ ಸಲ ಅವನು ನನ್ನನ್ನು ಕೇಳಿದ ಪ್ರಶ್ನೆ ಬೇರೆಯದಾಗಿತ್ತು. “ಮಾವ, ನಮ್ಮ ಕಾವೇರಿಯ ಮಹಶೀರ್ ಅಳಿವಿನ ಅಂಚಿನಲ್ಲಿದೆಯಂತೆ, ನಿಜವೇ?” ನಿಜ; 2018ರಲ್ಲಿಯೇ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಅಲ್ಲಿ ಸಯನೈಡ್, ಇಲ್ಲಿ ಡೈನಮೈಟು. ಮನೆಯ ಮುಂದಿನ ನದಿಯ ಸುದ್ದಿ ನಮ್ಮ ಹುಡುಗನಿಗೆ ಮುಟ್ಟಬೇಕಾದರೆ ದೂರದ ಕಡಲು ನಡುಮನೆಗೆ ಬರಬೇಕಾಯಿತು.

ತೊಟ್ಟಿಯ ನೀರು ದಿನವೂ ಸ್ವಲ್ಪ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ತುಂಬಿಸುವಾಗ ಸಿಹಿನೀರನ್ನೇ ಹಾಕಬೇಕು. ಕಡಲಿಗೆ ಈ ಕೆಲಸವನ್ನು ಮಳೆಯೂ ಹೊಳೆಯೂ ಮಾಡುತ್ತವೆ. ಪಾಲಾರಿನ ಆ ಮನೆಯಲ್ಲಿ ಪ್ರತಿ ರಾತ್ರಿ ಊಟವಾದ ಮೇಲೆ ನನ್ನ ಅಳಿಯನು ಒಂದು ಚೆಂಬು ಹಿಡಿದು ಮಾಡುತ್ತಾನೆ.